ಕೆಳಗಿನ ಮನೆಯ ನಿದ್ದೆ

ನನ್ನ ಹೊಲಿಗೆ ಮಶೀನಿಗೂ ಕೆಳಗಿನ ಮನೆಯವರ ನಿದ್ದೆಗೂ ನಡುವೆ ಇದ್ದದ್ದು ಒಂದು ಸಾಲು ಹಲಗೆ ಮಾತ್ರ. ಐವತ್ತರ ದಶಕದ ಮಾತು. ಮುಂಬಯಿಯ ವಡಾಲದಲ್ಲಿ, ಬಂದರಿನ ಕಡೆಗೆ ಹೋಗುವ ರೈಲುಹಳಿಗಳ ಮಗ್ಗುಲಲ್ಲೇ ನಮ್ಮ ಹಳೆಯ ಚಾಳು. ಮರದ ತೊಲೆ, ಮರದ ನೆಲ, ಮರದ ಮೆಟ್ಟಿಲು. ಮೇಲಂತಸ್ತಿನ ಒಂದು ಖೋಲಿಯಲ್ಲಿ ನಾವು ಮೂವರು ಇದ್ದೆವು: ನಾನು, ಗಿರಣಿಯ ಆಫೀಸಿನಲ್ಲಿ ಕಾರಕೂನರಾಗಿದ್ದ ನಮ್ಮವರು, ನಮ್ಮತ್ತೆ. ಗದಗಿನ ಕಡೆಯಿಂದ ಬಂದವರು. ನಮ್ಮ ಕಾಲ ಕೆಳಗೇ ಬೆಳಗಾವಿಯ ಗಂಡ ಹೆಂಡತಿ. ಆತನಿಗೆ ರೈಲ್ವೆಯ ಸಿಗ್ನಲ್ ಕೇಬಿನ್ನಿನಲ್ಲಿ ಕೆಲಸ. ಚಾಳಿನವರೆಲ್ಲ ಕೇಬಿನ್ ಮಾಸ್ತರರೆಂದೇ ಕರೆಯುತ್ತಿದ್ದರು. ಆತನ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ, ಆಕೆಯೂ ನನ್ನನ್ನು ವೈನಿ ಎನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರೆಂಬುದನ್ನು ಇತ್ಯರ್ಥ ಮಾಡಲು ಇಬ್ಬರೂ ಹೋಗಿರಲಿಲ್ಲ.

ಮಶೀನು ನನ್ನ ಮದುವೆಯಲ್ಲಿ ಅಪ್ಪ ಕೊಟ್ಟದ್ದು. ಮಂದಿ ಮಗಳಿಗೆ ಬಂಗಾರ ಕೊಡುತ್ತಾರೆ, ನನ್ನಪ್ಪ ಕಬ್ಬಿಣ ಕೊಟ್ಟ ಎಂದು ಆಗ ಅತ್ತಿದ್ದೆ. ಮುಂಬಯಿಗೆ ಬಂದ ಮೇಲೆ ಕಬ್ಬಿಣವೇ ವಾಸಿ ಎಂದು ತಿಳಿಯಿತು. ಕಾಲಿನಿಂದ ತುಳಿಯುವ ದೊಡ್ಡ ಮಶೀನು, ಬೀಡುಕಬ್ಬಿಣದ ಕಾಲುಗಳು, ಬಲಗೈ ಬದಿಗೆ ಕತ್ತರಿ ನೇತುಹಾಕಲು ಒಂದು ಕೊಕ್ಕೆ. ಬಂದಾಗಿನಿಂದ ಅದರ ಮೇಲೆ ನಾನು ಹೊಲಿದದ್ದೆಲ್ಲ ಚಾಳಿನ ಹರಕು ಬಟ್ಟೆ, ಮಕ್ಕಳ ಚಡ್ಡಿ, ದಿಂಬಿನ ಚೀಲ. ಆ ವರ್ಷ ಮಾತ್ರ, ಮಾಟುಂಗಾದಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಮನೆತನದವರು ಮದುಮಗಳ ಕುಪ್ಪಸದಿಂದ ಹಿಡಿದು ಸೋದರತ್ತೆಯರ ಕುಪ್ಪಸದವರೆಗೆ ಎಲ್ಲವನ್ನೂ ನನ್ನ ಕೈಗೇ ಒಪ್ಪಿಸಿದ್ದರು. ಮದುವೆ ತುಳಸಿ ಲಗ್ನ ಮುಗಿದ ಮೇಲೆ. ಇದು ಚೆನ್ನಾಗಿ ಹೋದರೆ ನಾನು ದರ್ಜಿ. ಹೋಗದಿದ್ದರೆ ಚಡ್ಡಿ ಹೊಲಿಯುವ ಮೇಲಿನ ಮನೆಯ ಹುಡುಗಿ. ನನಗೋ ದರ್ಜಿಯೇ ಆಗಬೇಕೆಂಬ ಹಟ ಹಿಡಿದುಬಿಟ್ಟಿತ್ತು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ವೈನಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಬಟ್ಟಲು ಕುಂದಾ, ಬೆಳಗಾವಿಯ ಹಾಲಿನ ಸಿಹಿ. ಕುಂದಾ ತಂದುಕೊಟ್ಟು ದೂರು ಹೇಳುವವರನ್ನು ನಾನು ಅದೇ ಮೊದಲು ಕಂಡದ್ದು.

“ವೈನಿ, ಸಿಟ್ಟ ಮಾಡ್ಕೋಬ್ಯಾಡ್ರಿ,” ಎಂದರು. “ಈಗ ಇವರಿಗೆ ದಿನಾ ರಾತ್ರಿ ಪಾಳಿ. ಮುಂಜಾನೆ ಬಂದ ಮಲಗಿದ್ರ ಹೌಹಾರಿ ಏಳ್ತಾರ. ಮತ್ತ ಮಲಗತಾರ, ಮತ್ತ ಏಳ್ತಾರ. ಮನ್ನೆ ಡ್ಯೂಟಿ ಮ್ಯಾಲೆ ತೂಕಡಿಸಿದ್ರಂತ. ಸಾಹೇಬ್ರು ನೋಡ್ಯಾರ. ಇನ್ನೊಮ್ಮೆ ಸಿಕ್ಕರ ಕೇಬಿನ್‌ಲಿಂದ ತಗದು ಎಲ್ಲರೆ ಘಾಟಿನ ಮ್ಯಾಲೆ ಒಗೀತೀನಿ ಅಂದಾರ. ನಿಮ್ಮ ಮಶೀನ ಜರಾ...”

ನನಗೆ ಮೂಗಿನ ತುದಿಯಲ್ಲೇ ಕೋಪ. “ಹಂಗಾರ ನಾ ಏನ ಕೈಲೇ ಹೊಲೀಲೇನ್ರಿ? ಮದುವಿ ಮನಿ ಅರಿವಿ ಅವು!” ಎಂದುಬಿಟ್ಟೆ. ವೈನಿ ಬಟ್ಟಲು ಅಲ್ಲೇ ಇಟ್ಟು ಇಳಿದುಹೋದರು. ಅತ್ತೆ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡು, ಕುಂದಾದ ಒಂದು ತುತ್ತು ಬಾಯಿಗೆ ಹಾಕಿಕೊಂಡು, “ಆ ಮನಶ್ಯಾ ತೂಕಡಿಸಿ ಗಾಡಿ ಮ್ಯಾಲೆ ಗಾಡಿ ಬಿಟ್ಟರ ಏನ ಮಾಡ್ತೀ?” ಎಂದರು. ನಮ್ಮವರೂ ದಿನಾ ಅದೇ ಲೋಕಲ್ಲಿನಲ್ಲಿ ಹೋಗಿಬರುವವರು. ನಾನು ಕುಂದಾದ ಬಟ್ಟಲನ್ನು ಅತ್ತೆಯ ಕಡೆಗೇ ಸರಿಸಿದೆ.

ಹೊತ್ತು ಬದಲಿಸಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ನಮ್ಮ ಖೋಲಿಗೆ ಇದ್ದದ್ದು ಪೂರ್ವದ ಒಂದೇ ಕಿಟಕಿ. ಮಧ್ಯಾಹ್ನ ದಾಟಿದರೆ ಕಪ್ಪು ದಾರ ಯಾವುದು ನೀಲಿ ದಾರ ಯಾವುದು ತಿಳಿಯದು. ಬೆಳಕಿರುವಾಗ ನಾನು ಹೊಲಿಯಬೇಕು, ಅದೇ ಹೊತ್ತಿಗೆ ಮಾಸ್ತರರು ಮಲಗಬೇಕು. ಅಷ್ಟರಲ್ಲಿ ಸುದ್ದಿ ಮೆಹತಾಜಿಯ ಕಿವಿಗೂ ಬಿತ್ತು. ಮೆಹತಾಜಿ ಎಂದರೆ ಚಾಳಿನ ಮಾಲೀಕರ ಗುಮಾಸ್ತ, ಬಾಡಿಗೆ ವಸೂಲಿಗೆ ಬರುವ ಗುಜರಾತಿ ಮುದುಕ. ಛತ್ರಿಯನ್ನು ಬಗಲಲ್ಲಿ ಇಟ್ಟುಕೊಂಡೇ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟ: “ಬಾಯಿ, ಯೇ ಘರ್ ಹೈ ಕಿ ಗಿರಣಿ? ದೀವಾಳಿ ತಕ್ ಆವಾಜ್ ಬಂದ್ ಕರೋ. ನಹೀಂ ತೋ ಮಶೀನ್ ನೀಚೆ ಉತಾರೋ.” ದೀಪಾವಳಿಯೊಳಗೆ ಸದ್ದು ನಿಲ್ಲಬೇಕು, ಇಲ್ಲವಾದರೆ ಮಶೀನು ಚಾಳು ಬಿಡಬೇಕು. ಕೆಳಗಿಳಿಸಿ ಎಲ್ಲಿಡುವುದು? ಗದಗಿಗೆ ಕಳಿಸುವುದೊಂದೇ.

ಸರಿ, ಸದ್ದು ನಿಲ್ಲಿಸುವುದೇ ಕೆಲಸವೆಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಮೊದಲು ಮಶೀನನ್ನೇ ಹಿಡಿದೆ. ಚಕ್ರದ ಸುತ್ತ ಓಡುವ ಚರ್ಮದ ಪಟ್ಟಾ ಇರುತ್ತದಲ್ಲ, ಅದರ ಎರಡು ತುದಿ ಸೇರಿಸಿದ ತಂತಿ ಚಕ್ರದ ಮೇಲೆ ಬಂದಾಗಲೆಲ್ಲ ‘ಟಿಕ್’ ಎನ್ನುತ್ತಿತ್ತು. ತಂತಿ ಕಿತ್ತು, ತುದಿಗಳನ್ನು ಓರೆಯಾಗಿ ಕೆತ್ತಿ, ಮೇಣ ಹಚ್ಚಿದ ದಾರದಿಂದ ಹೊಲಿದೆ. ಪೆಡಲಿನಿಂದ ಚಕ್ರಕ್ಕೆ ಹೋಗುವ ಕಡ್ಡಿಯ ಕೀಲು ಸವೆದು ಪ್ರತಿ ತುಳಿತಕ್ಕೂ ‘ಲಟಕ್’ ಎನ್ನುತ್ತಿತ್ತು. ಅದರೊಳಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ಬಳೆಯೊಂದನ್ನು ಸುತ್ತಿ ಕೂರಿಸಿದೆ. ಎಣ್ಣೆ ಕುಡಿಯುವ ಕಿಂಡಿಗಳಿಗೆಲ್ಲ ಎಣ್ಣೆ ಕುಡಿಸಿದೆ. ತುಳಿದು ನೋಡಿದರೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಿತು. ಗೆದ್ದೆನೆಂದುಕೊಂಡೆ. ಖೋಲಿಯ ಮುಂದಿನ ಗ್ಯಾಲರಿಯಿಂದ ಬಗ್ಗಿ, “ವೈನಿ, ಹೆಂಗೈತ್ರಿ?” ಎಂದು ಕೂಗಿದೆ.

ಕೆಳಗಿನಿಂದ ವೈನಿ ಮುಖ ಎತ್ತಿ, “ಎದ್ದು ಕುಂತಾರ,” ಎಂದರು.

ಸದ್ದು ಕಾಲುಗಳಿಂದ ಹಲಗೆಗೆ ಇಳಿಯುತ್ತಿದೆ, ಕೆಳಗೆ ಮೆತ್ತನೆಯದೇನಾದರೂ ಹಾಕು ಎಂದರು ನಮ್ಮವರು. ಮನೆಯಲ್ಲಿ ಮೆತ್ತನೆಯದು ಎಂದರೆ ಅತ್ತೆಯ ಕೌದಿಗಳು. ನಮ್ಮ ಕಡೆ ಹಳೆಯ ಸೀರೆ ಧೋತರಗಳನ್ನು ಪದರ ಪದರ ಇಟ್ಟು, ಮೇಲೆ ಬಣ್ಣದ ಚೂರು ಕೂಡಿಸಿ, ಕೈಯಲ್ಲಿ ಸಾಲುಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ಒಂದನ್ನು ನಾಲ್ಕು ಮಡಿಕೆ ಮಾಡಿ ಮಶೀನಿನ ಕೆಳಗೆ ಹಾಸಿದೆವು. ತುಳಿಯಲು ಕೂತರೆ ಮಶೀನು ಕುಡಿದವರ ಹಾಗೆ ಓಲಾಡತೊಡಗಿತು. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಅದು ಕಿಟಕಿ ಬಿಟ್ಟು ಒಲೆಯ ಕಡೆ ಹೊರಟಿತ್ತು. ನಾನು ಸ್ಟೂಲು ಎಳೆದುಕೊಂಡು ಅದರ ಹಿಂದೆ ಹಿಂದೆ. ಆ ತೋಳಿನ ಹೊಲಿಗೆ ನೋಡಿದರೆ ಹಾವು ಹರಿದ ಹಾದಿ. ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಅಡಿಯೆಲ್ಲ ಮೆತ್ತಗಾದರೆ ಮಶೀನು ನಿಲ್ಲುವುದಿಲ್ಲ, ಕಾಲಿಗೆ ಬೇಕಾದದ್ದು ಗಟ್ಟಿಯಾದ ಮೆತ್ತೆ ಎಂಬುದು ಆ ದಿನ ಗೊತ್ತಾಯಿತು.

ಗಟ್ಟಿಯಾದ ಮೆತ್ತೆ ಯಾವುದು? ಚರ್ಮ. ಭಾನುವಾರ ನಮ್ಮವರನ್ನು ಕರೆದುಕೊಂಡು ಧಾರಾವಿಗೆ ಹೋದೆ. ಚಪ್ಪಲಿಯ ಅಟ್ಟೆ ಕತ್ತರಿಸುವ ಒಂದು ಅಂಗಡಿಯ ಮುಂದೆ ಚೂರುಗಳ ಗುಡ್ಡೆಯೇ ಬಿದ್ದಿತ್ತು. ಅಂಗಡಿಯವರು ಆರಿಸಿಕೋ ಎಂದರು. ನಮ್ಮವರು ಕೈಚೀಲ ಅಗಲಿಸಿ ಹಿಡಿದುಕೊಂಡು, ಗಿರಣಿಯ ಗುರುತಿನವರು ಯಾರಾದರೂ ನೋಡಿಯಾರೆಂದು ಆ ಕಡೆ ಈ ಕಡೆ ಕಣ್ಣು ಹಾಯಿಸುತ್ತಿದ್ದರು. ನಾನು ಕುಪ್ಪಸದ ಬಟ್ಟೆ ಆರಿಸುವ ಹಾಗೆ ಒಂದೊಂದನ್ನೇ ಹಿಚುಕಿ ನೋಡಿ ಆರಿಸಿದೆ.

ಚೀಲ ಬಾಗಿಲಿಗೆ ಬಂದದ್ದೇ ತಡ, ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತರು. “ಚರಮಾ ಮನಿ ಒಳಗ ಬರಂಗಿಲ್ಲ. ದೇವರ ಮಾಡಾ ಐತಿ.”

“ಅತ್ತೀ, ಮಶೀನಿನ ಪಟ್ಟಾ ಏನ ರೇಶ್ಮಿದ ಅಂತ ತಿಳದೀರೇನ? ಅದೂ ಚರಮಾನ. ಮನ್ನೆ ದಸರಾದ ಖಂಡೇಪೂಜಿಗೆ ನೀವ ಅದಕ್ಕ ಕುಂಕುಮ ಹಚ್ಚೀರಿ, ಊದಿನಕಡ್ಡಿ ಬೆಳಗೀರಿ, ಕಾಯಿ ಒಡದೀರಿ.”

ಅತ್ತೆ ಪಟ್ಟಾದ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಮೊದಲ ಹೇಳಬಾರದೇನ? ತೊಳದ ತೊಗೊಂಡ ಬಾ,” ಎಂದು ದಾರಿ ಬಿಟ್ಟರು.

ಚೂರುಗಳನ್ನು ಗೋಲವಾಗಿ ಕತ್ತರಿಸಿ, ಚರ್ಮ, ಕಂಬಳಿಯ ತುಂಡು, ಮತ್ತೆ ಚರ್ಮ, ಹೀಗೆ ಒಂದರ ಮೇಲೊಂದು ಇಟ್ಟು ದಬ್ಬಣದಿಂದ ಹೊಲಿದು, ಮಶೀನಿನ ಕಾಲಿಗೊಂದರಂತೆ ಕೆಳಗಿಟ್ಟೆ. ಮಶೀನು ಅಲುಗಲಿಲ್ಲ. ನೆಲಕ್ಕೆ ಅಂಗೈ ಒತ್ತಿದರೆ ಮೊದಲಿನ ನಡುಕವೂ ಇಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿ ಕೆಳಗೆ ಓಡಿಹೋಗಿ ಕೇಳಿದರೆ ವೈನಿ ಕಣ್ಣು ತಗ್ಗಿಸಿದರು. “ಗುಂಯ್ ಅನ್ನೂದು ಹೋಗೇತ್ರಿ. ಆದ್ರ ಅವರು ಹೌಹಾರೂದು ಹೆಚ್ಚಾಗೇತಿ.”

ಸದ್ದು ಕಡಿಮೆಯಾದರೆ ಎಚ್ಚರ ಹೆಚ್ಚಾಗುವುದುಂಟೇ? ಮಾಸ್ತರರನ್ನೇ ಕೇಳಿದೆ. ಸಂಕೋಚದ ಮನುಷ್ಯ, ನೆಲ ನೋಡುತ್ತ, “ನನಗೂ ಗೊತ್ತಾಗೂದಿಲ್ಲ ಬಾಯಾರ. ಎದ್ದ ಕೂಡಲೆ ಮಶೀನಿನ ಸಪ್ಪಳ ಅಷ್ಟ ಕೇಳತೈತಿ,” ಎಂದರು. ಕಣ್ಣ ಕೆಳಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿತ್ತು. ನನಗೆ ಅಳು ಬಂತು. ಪಾಪ, ಆತ ಒಂದು ದಿನವೂ ದನಿ ಏರಿಸಿ ಮಾತಾಡಿದವರಲ್ಲ.

ಹಲಗೆಯ ಸಂದಿಗಳಿಂದ ಸದ್ದು ಸೋರುತ್ತಿರಬೇಕು ಎಂದು ನಾವೆಲ್ಲ ಸೇರಿ ತೀರ್ಮಾನಿಸಿದೆವು. ಹಾಗಾದರೆ ಕೆಳಗಿನ ಖೋಲಿಯಲ್ಲಿ, ಮಂಚದ ನೇರಕ್ಕೆ, ತೊಲೆಯಿಂದ ತೊಲೆಗೆ ಒಂದು ದಪ್ಪ ಕೌದಿಯನ್ನು ಚಾವಣಿಯಾಗಿ ಕಟ್ಟುವುದು. ಈ ಯೋಜನೆ ಅತ್ತೆಯದು, ಹೀಗಾಗಿ ಮೇಸ್ತ್ರಿಕೆಯೂ ಅತ್ತೆಯದೇ. ಚಾಳಿನ ಹೆಂಗಸರು ಹಳೆಯ ಸೀರೆ ಕೊಟ್ಟರು. ಮಾಸ್ತರರು ಕೆಲಸಕ್ಕೆ ಬಾರದ ಕೆಂಪು ಹಸಿರು ನಿಶಾನೆ ಬಾವುಟಗಳನ್ನು ತಂದುಕೊಟ್ಟರು. ಗ್ಯಾಲರಿಯಲ್ಲಿ ಕೌದಿ ಹಾಸಿ ಸುತ್ತ ಕೂತು, ಮರಾಠಿ, ಕನ್ನಡ, ಕೊಂಕಣಿ ಎಲ್ಲ ಸೂಜಿಗಳೂ ಒಟ್ಟಿಗೆ ಓಡಿದವು. ಮದುವೆ ಮನೆಯ ಕೆಲಸ ಹಿಂದೆ ಬಿತ್ತು. ನಾನು ಮಧ್ಯಾಹ್ನ ಮಸುಕು ಬೆಳಕಿನಲ್ಲಿ ಗುಂಡಿ ಹೊಲಿದು, ಬೆಳಿಗ್ಗೆ ಕೌದಿಗೆ ಕೂರುತ್ತಿದ್ದೆ.

ಕೊನೆಯ ಮೂಲೆ ಮುಚ್ಚುವಾಗ ಅತ್ತೆ, “ತಡೀರಿ,” ಎಂದರು. ಒಳಗೆ ಹೋಗಿ ಒಂದು ಹೋಳಿಗೆ ತಂದರು. ನಮ್ಮ ಕಡೆಯ ಪದ್ಧತಿ ಅದು: ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಮೂಲೆಯಲ್ಲಿ ತಿನ್ನುವುದೇನಾದರೂ ಇಟ್ಟು ಹೊಲಿಯುವುದು. ವೈನಿ ಅನುಮಾನಿಸಿ, “ಸಿಹಿ ಇಡ್ತೀರೇನ್ರಿ?” ಎಂದರು.

“ಯಾವ ಊರಾಗ ಖಾಲಿ ಹೊಟ್ಟೀಲೆ ಕೌದಿ ಹೊಲದಾರವಾ? ಹಸದ ಕೌದಿ ಕೆಳಗ ಮಲಗಿದ್ರ ನಿದ್ದಿ ಹತ್ತೂದಿಲ್ಲ,” ಎಂದರು ಅತ್ತೆ. ನನಗೂ ಅದು ಸರಿಯೇ ಅನ್ನಿಸಿತು. ನಿದ್ದೆಗಾಗಿಯೇ ಹೊಲಿದ ಕೌದಿಯನ್ನು ಉಪವಾಸ ಇಡುವುದುಂಟೇ? ಹೋಳಿಗೆಯನ್ನು ಮಡಚಿ, ತುಪ್ಪ ಒಂದು ಹನಿ ಹೆಚ್ಚೇ ಸವರಿ, ಮೂಲೆಯೊಳಗಿಟ್ಟು ಹೊಲಿದು ಅರಿಸಿನ ಕುಂಕುಮ ಹಚ್ಚಿದೆವು. ನಮ್ಮವರೂ ಮಾಸ್ತರರೂ ಏಣಿ ಹತ್ತಿ ತೊಲೆಗಳಿಗೆ ಪಟ್ಟಿ ಹೊಡೆದು ಕೌದಿಯನ್ನು ಬಿಗಿದರು. ಮಂಚದ ಮೇಲೆ ಕೆಂಪು ಹಸಿರಿನ ಆಕಾಶ ಬಂದ ಹಾಗಿತ್ತು. ಮಾರನೆಯ ದಿನ ಕೇಳಿದರೆ ವೈನಿ, “ಪರವಾಗಿಲ್ರಿ,” ಎಂದರು. ಆಕೆ ಹಾಗೆಂದದ್ದು ನಮ್ಮ ಬೆರಳುಗಳಿಗೆ ಸುತ್ತಿದ್ದ ಬಟ್ಟೆಪಟ್ಟಿ ನೋಡಿ ಎಂದು ಆಮೇಲೆ ತಿಳಿಯಿತು.

ಹಳಿಯ ಮಗ್ಗುಲಿನ ಚಾಳು, ಎದುರಿಗೇ ಧಾನ್ಯದ ಗೋದಾಮು. ಇಲಿಗಳಿಗೆ ಬರವಿರಲಿಲ್ಲ. ಗದಗಿನಲ್ಲಿ ಕೌದಿಗಳು ಮೈಮೇಲೆ ಇರುತ್ತಿದ್ದವು, ತೊಲೆಯ ಮೇಲೆ ಇರುತ್ತಿರಲಿಲ್ಲ. ಈ ವ್ಯತ್ಯಾಸ ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಬೆಳಿಗ್ಗೆ ನಾನು ಹೊಲಿಯಲು ಕೂತಿದ್ದೆ. ಕೆಳಗೆ ಧಡಾರನೆ ಬಾಗಿಲು ತೆರೆದ ಸದ್ದು, ವೈನಿಯ ಚೀರಾಟ. ಇಳಿದುಹೋಗಿ ನೋಡಿದರೆ ಮಾಸ್ತರರು ಬನಿಯನ್-ಪಾಯಜಾಮದಲ್ಲೇ ಅಂಗಳದ ನಡುವೆ ನಿಂತಿದ್ದರು. ಒಳಗೆ ಕೌದಿಯ ಆಕಾಶ ತೊಟ್ಟಿಲಿನ ಹಾಗೆ ಜೋಲುಬಿದ್ದು, ಅದರೊಳಗೆ ಉಬ್ಬೊಂದು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು. ಒಂದು ಇಲಿ ಆಗಲೇ ಮೂಲೆ ಹರಿದುಕೊಂಡು ಮಾಸ್ತರರ ಎದೆಯ ಮೇಲೆ ಬಿದ್ದು, ಅಲ್ಲಿಂದ ಪಾತ್ರೆಗಳ ಹಿಂದೆ ಸೇರಿತ್ತು. ಇದು ಎರಡನೆಯದು. ಗ್ರಹಚಾರಕ್ಕೆ ಅದೇ ಹೊತ್ತಿಗೆ ಮೆಹತಾಜಿ ಬಾಡಿಗೆಗೆ ಬಂದು ಬಾಗಿಲಲ್ಲಿ ನಿಂತಿದ್ದ.

“ಪಹಲೆ ಆವಾಜ್, ಅಬ್ ಚೂಹಾ!” ಎಂದು ಛತ್ರಿಯನ್ನು ನೆಲಕ್ಕೆ ಕುಟ್ಟಿದ. “ದೀವಾಳಿ ಕೇ ದಿನ್ ಮಶೀನ್ ದಿಖಾ, ತೋ ಮೈಂ ಖುದ್ ಉತಾರೂಂಗಾ.” ಮೊದಲು ಸದ್ದು, ಈಗ ಇಲಿ; ದೀಪಾವಳಿಯ ದಿನ ಮಶೀನು ಕಂಡರೆ ತಾನೇ ಇಳಿಸುತ್ತಾನಂತೆ. ಹಬ್ಬಕ್ಕೆ ಇನ್ನು ಒಂದು ವಾರವಿತ್ತು.

ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಡಬಾರದು ಎಂದು ನಮ್ಮವರು ಕೌದಿಯನ್ನು ಮೆಲ್ಲಗೆ ಬಿಚ್ಚಿ ಇಳಿಸಿದರು. ಮೂಲೆಯಲ್ಲಿ ಹೋಳಿಗೆಯ ಕಣವೂ ಉಳಿದಿರಲಿಲ್ಲ. ಅತ್ತೆ ಆ ತೂತಿನೊಳಗೆ ಬೆರಳಾಡಿಸಿ, “ಕೌದೀನೂ ಹಸಿದಿಲ್ಲ, ಇಲೀನೂ ಹಸಿದಿಲ್ಲ,” ಎಂದರು. ಮೊದಲು ನಕ್ಕದ್ದು ಮಾಸ್ತರರೇ. ಅಷ್ಟು ದಿನ ನಿದ್ದೆಗೆಟ್ಟ ಮನುಷ್ಯ ಹಾಗೆ ನಕ್ಕದ್ದು ನೋಡಿ ಅಂಗಳದಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮದುವೆ ಮನೆಯ ಅರ್ಧ ಬಟ್ಟೆ ಇನ್ನೂ ಕತ್ತರಿಸಿಟ್ಟ ಚೂರುಗಳಾಗಿಯೇ ಇದ್ದವು.

ಆ ಸಂಜೆ ಕೌದಿಯ ಮೂಲೆ ಹೊಲಿಯುತ್ತ ಕೂತಿದ್ದಾಗ ನನಗೆ ಹೊಳೆಯಿತು: ಇಷ್ಟೆಲ್ಲ ಮಾಡಿದೆ, ಒಂದು ಸಲವಾದರೂ ಆ ಸದ್ದನ್ನು ಕೆಳಗೆ ನಿಂತು ಕೇಳಿದೆನೇ? ಎಲ್ಲವನ್ನೂ ಮೇಲೆಯೇ ಕೂತು ಸರಿಮಾಡಿದ್ದೆ. ಮರುದಿನ ಭಾನುವಾರ. ನಮ್ಮವರನ್ನು ಸ್ಟೂಲಿನ ಮೇಲೆ ಕೂರಿಸಿ, ಸುಮ್ಮನೆ ತುಳಿಯುತ್ತಿರಿ ಎಂದು ಹೇಳಿ, ಕೆಳಗೆ ಹೋದೆ.

“ವೈನಿ, ಮಾಸ್ತರರನ್ನ ಹೊರಗ ಕಳಸ್ರಿ. ನಾ ಆ ಮಂಚದ ಮ್ಯಾಲೆ ಮಲಗೂಕಿ.”

ಹಿಂದೆಯೇ ಬಂದಿದ್ದ ಅತ್ತೆ ಬಾಯಿಗೆ ಸೆರಗು ಹಿಡಿದರು. ವೈನಿಗೆ ನಗು. ಮಾಸ್ತರರು ನಾನು ಕಾಲು ಒಳಗಿಡುವ ಮೊದಲೇ ಹೊರಗೆ ಹಾರಿದ್ದರು. ನಾನು ಕಣ್ಣು ಮುಚ್ಚಿ ಮಲಗಿದೆ. ಮೇಲಿನಿಂದ ಸಣ್ಣಗೆ ಗುರ್ ಎನ್ನುವ ಸದ್ದು, ದೂರದಲ್ಲಿ ಯಾರೋ ಬೀಸುಕಲ್ಲು ತಿರುಗಿಸುವ ಹಾಗೆ. ಎರಡು ನಿಮಿಷಕ್ಕೆ ನನಗೇ ಜೊಂಪು ಹತ್ತಿತು. ಎದ್ದು ಬಾಗಿಲಾಚೆಗೆ ಕೇಳಿದೆ: “ಮಾಸ್ತರ್ರ, ನಿಮಗ ಎಚ್ಚರಾಗೂ ಸಪ್ಪಳ ಇದೇನ್ರಿ?”

ಆತ ಕಿವಿಗೊಟ್ಟು ನಿಂತು ತಲೆಯಾಡಿಸಿದರು. “ಇದಲ್ರಿ. ಇದಕ್ಕ ನಾ ಯಾಕ ಏಳಲಿ?”

ಹಾಗಾದರೆ ಮಶೀನಿನಲ್ಲಿ ತಪ್ಪಿಲ್ಲ, ತಪ್ಪೇನಿದ್ದರೂ ನಾನು ಕೂತಾಗ ಆಗುವಂಥದು. ಆಗ ಒಂದು ನಿರ್ಧಾರ ಮಾಡಿದೆ. ಮಾಸ್ತರರ ಕೈಗೆ, ಮಲಗಿದಲ್ಲಿಂದಲೇ ಮೇಲಿನ ಹಲಗೆ ಮುಟ್ಟುವಷ್ಟು ಉದ್ದದ, ಅವರದೇ ನಿಶಾನೆಯ ಕೋಲು ಕೊಟ್ಟೆ. “ನಾ ಮ್ಯಾಲೆ ಹೋಗಿ ದಿನಾ ಹೊಲದಂಗ ಹೊಲೀತೀನಿ. ನೀವು ಮಂಚದ ಮ್ಯಾಲೆ ಕಣ್ಣ ಮುಚ್ಚಿ ಮಲಗ್ರಿ. ಎದಿ ಹಾರೂವಂಥಾ ಸಪ್ಪಳ ಬಂದ ಕೂಡಲೆ ಹಲಗಿಗೆ ಒಂದ ಬಡೀರಿ. ದಾಕ್ಷಿಣ್ಯಾ ಮಾಡಬ್ಯಾಡ್ರಿ.”

ಮೇಲೆ ಬಂದು ಕೂತೆ. ಮದುಮಗಳ ಚಿಕ್ಕಮ್ಮನ ಕುಪ್ಪಸ ಕೈಗೆತ್ತಿಕೊಂಡೆ. ಭುಜ ಹೊಲಿದೆ, ಬಡಿತವಿಲ್ಲ. ಬಗಲು ಹೊಲಿದೆ, ಬಡಿತವಿಲ್ಲ. ಪೆಡಲನ್ನು ಬೇಕೆಂದೇ ಜೋರಾಗಿ ತುಳಿದೆ, ಇಲ್ಲ. ಹೊಲಿಗೆ ಮುಗಿಯಿತು, ದಾರ ಕತ್ತರಿಸಿದೆ. ಕಾಲ ಕೆಳಗೆ ‘ಠಕ್’ ಎಂದಿತು.

ಏನು ಮಾಡಿದೆ ನಾನು? ಏನೂ ಮಾಡಿಲ್ಲ. ಕೂತಿದ್ದೇನೆ. ಇನ್ನೊಂದು ಹೊಲಿಗೆ ಓಡಿಸಿದೆ, ದಾರ ಕತ್ತರಿಸಿದೆ. ‘ಠಕ್.’ ಬಾಗಿಲಲ್ಲಿ ನಿಂತಿದ್ದ ನಮ್ಮವರು ನನ್ನ ಕೈಯನ್ನೇ ನೋಡುತ್ತ, “ಕತ್ರಿ,” ಎಂದರು. ಪ್ರತಿ ಸಲ ದಾರ ಕತ್ತರಿಸಿದ ಮೇಲೆ ನಾನು ನೋಡದೆಯೇ ಕೈ ಇಳಿಸಿ ಕತ್ತರಿಯನ್ನು ಕೊಕ್ಕೆಗೆ ಬಿಡುತ್ತಿದ್ದೆ. ಅಪ್ಪ ಮಶೀನಿನ ಜೊತೆಗೇ ಕೊಟ್ಟ ಭಾರದ ಕತ್ತರಿ ಅದು. ಒಂದು ಸಲ ತೂಗಿ ಬೀಡುಕಬ್ಬಿಣದ ಕಾಲಿಗೆ ಬಡಿದು ಒಂದೇ ಒಂದು ‘ಠಣ್’ ಎನ್ನುತ್ತಿತ್ತು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ತನ್ನ ಕೈಯ ಸದ್ದೂ ಕೇಳುವುದಿಲ್ಲ. ಬೇಕೆಂದೇ ಮತ್ತೊಮ್ಮೆ ಕತ್ತರಿ ಬಿಟ್ಟೆ. ‘ಠಣ್.’ ಕೆಳಗೆ ‘ಠಕ್.’

ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದೆ. ಮಾಸ್ತರರು ಮಂಚದ ಮೇಲೆ ಎದ್ದು ಕೂತಿದ್ದರು, ಮುಖ ಅರಳಿತ್ತು. “ಸಿಕ್ತ್ರಿ ಬಾಯಾರ! ಅದು ನಮ್ಮ ಗಂಟಿ!”

ಅವರು ವಿವರಿಸಿದ್ದು ಇಷ್ಟು. ಗಾಡಿ ಬಿಡುವ ಮೊದಲು ಆಚೆ ಕೇಬಿನ್ನಿನವರು ಈಚೆ ಕೇಬಿನ್ನಿಗೆ ತಂತಿಯ ಮೇಲೆ ಒಂದು ಗಂಟೆ ಹೊಡೆಯುತ್ತಾರೆ. ಒಂದೇ ಏಟು. ‘ಇದ್ದೀಯೇನಪಾ’ ಎಂದು ಕೇಳಿದ ಹಾಗೆ. ಈಚೆಯವರು ಕೂಡಲೇ ಗಂಟೆಯ ಗುಂಡಿ ಒತ್ತಿ ಒಂದು ಏಟು ತಿರುಗಿ ಹೊಡೆಯಬೇಕು, ‘ಇದ್ದೀನಿ’ ಎಂದು. ಆಮೇಲೆಯೇ ಗಾಡಿಯ ಮಾತು. “ಊಟಾ ಬಿಡಬಹುದು, ಆ ಗಂಟಿಗೆ ಉತ್ತರಾ ಕೊಡೂದು ಬಿಡಾಕ ಬರೂದಿಲ್ಲ. ನಿದ್ದಿಗಣ್ಣಾಗ ನಿಮ್ಮ ಕತ್ರಿ ಕೇಳಿ ಕೈ ಗುಂಡಿ ಹುಡುಕತಿತ್ತು. ಗುಂಡಿ ಸಿಗಂಗಿಲ್ಲ, ಜೀವಾ ಹಾರತಿತ್ತು.” ನಾನು ಪಟ್ಟಾ ಹೊಲಿದು, ಎಣ್ಣೆ ಬಿಟ್ಟು, ಚರ್ಮದ ಮೆತ್ತೆ ಕೊಟ್ಟು ಉಳಿದ ಸದ್ದನ್ನೆಲ್ಲ ಅಡಗಿಸಿದ್ದೆನಲ್ಲ, ಅದರಿಂದ ಆದದ್ದೆಂದರೆ ಆ ಗಂಟೆ ಇನ್ನಷ್ಟು ಚೊಕ್ಕವಾಗಿ ಕೇಳತೊಡಗಿತ್ತು. ವೈನಿ ಹಣೆ ಬಡಿದುಕೊಂಡರು. ನಾನೂ ಬಡಿದುಕೊಂಡೆ, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮದ್ದು ಒಂದೇ ಗಳಿಗೆಯ ಕೆಲಸ. ಇಲಿ ಹರಿದ ಮೂಲೆಯಿಂದ ಕೆಂಪು ಹಸಿರಿನ ತುಂಡು ಕತ್ತರಿಸಿ, ಎರಡು ಪದರದ ಚೀಲ ಹೊಲಿದು, ಕತ್ತರಿಯನ್ನು ಅದರೊಳಗಿಟ್ಟು ಗೋಡೆಯ ಗೂಟಕ್ಕೆ ಹಾಕಿದೆ. ಕೊಕ್ಕೆಯನ್ನು ನಮ್ಮವರಿಂದ ಕೀಳಿಸಿಬಿಟ್ಟೆ, ಕೈಗೆ ಬುದ್ಧಿ ಬರುವುದು ನಿಧಾನವೆಂದು. ಮೊದಲೆರಡು ದಿನ ಕತ್ತರಿ ಹಿಡಿದ ಕೈ ಇಲ್ಲದ ಕೊಕ್ಕೆಯ ಕಡೆಗೇ ಹೋಗುತ್ತಿತ್ತು. “ಕತ್ರಿಗೂ ಕೌದಿ ಬಂತು,” ಎಂದರು ಅತ್ತೆ. “ಅದರ ಹೊಟ್ಟಿಗೆ ಏನೂ ಹಾಕಬ್ಯಾಡ್ರಿ ಅತ್ತೀ,” ಎಂದು ನಾನು ಕೈಮುಗಿದೆ.

ಸದ್ದು ನಿಂತಿದೆ, ಬಂದು ಕೇಳಿ ಎಂದು ಮಾಸ್ತರರೇ ಹೇಳಿಕಳಿಸಿದ್ದರಿಂದ, ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಮೆಹತಾಜಿ ಪರೀಕ್ಷೆಗೆ ಬಂದ. ಮಶೀನು ಇಳಿಸಲು ಜೊತೆಗೊಬ್ಬ ಹಮಾಲನನ್ನೂ ತಂದಿದ್ದ. ಮಾಸ್ತರರಿಗೆ ಆ ದಿನ ರಜೆ, ಮಂಚ ಬಿಟ್ಟುಕೊಟ್ಟರು. ಮೆಹತಾಜಿ ಮಂಚದ ಮೇಲೆ ಕೂತು, “ಚಲಾವೋ,” ಎಂದ. ನಾನು ಮೇಲೆ ತುಳಿಯತೊಡಗಿದೆ. ಒಂದು ಕುಪ್ಪಸ ಮುಗಿಯಿತು, ಕೆಳಗಿನಿಂದ ಕೂಗಿಲ್ಲ. ಇನ್ನೊಂದು ಮುಗಿಯಿತು, ಇಲ್ಲ. ತಾಳಲಾರದೆ ಗ್ಯಾಲರಿಗೆ ಬಂದು ಬಗ್ಗಿದರೆ ವೈನಿ ತುಟಿಗೆ ಬೆರಳಿಟ್ಟು, ಒಳಗೆ ನೋಡೆಂದು ಸನ್ನೆ ಮಾಡಿದರು. ನಾನು ಮೆಲ್ಲಗೆ ಇಳಿದು ಇಣುಕಿದೆ. ಮೆಹತಾಜಿ ಛತ್ರಿಯನ್ನು ಎದೆಗವಚಿಕೊಂಡು ಬಾಯಿ ತೆರೆದು ಮಲಗಿದ್ದ. ಹಮಾಲ ಹೊಸ್ತಿಲಲ್ಲಿ ಕೂತು ವೈನಿ ಕೊಟ್ಟ ಚಕ್ಕಲಿ ತಿನ್ನುತ್ತಿದ್ದ. ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡೆ. ಮೆಹತಾಜಿ ಎಚ್ಚರವಾದ ಮೇಲೆ ಟೋಪಿ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, “ಠೀಕ್ ಹೈ, ರಹನೇ ದೋ,” ಸರಿ, ಇರಲಿ ಬಿಡಿ ಎಂದು ಹೊರಟುಹೋದ.

ಆಮೇಲಿನ ದಿನಗಳಲ್ಲಿ ನಾನು ತಲೆ ಎತ್ತಲಿಲ್ಲ. ಬೆಳಕು ಬಂದೊಡನೆ ಕೂತರೆ ಬೆಳಕು ಹೋಗುವವರೆಗೆ ಹೊಲಿಗೆ. ಕೆಳಗೆ ಮಾಸ್ತರರು ಮಲಗುತ್ತಿದ್ದರು, ಕಣ್ಣ ಕೆಳಗಿನ ಕಪ್ಪು ಮಾಸಿತು. ಸಾಹೇಬರು ಬಂದು ನೋಡಿ ಏನೂ ಅನ್ನದೆ ಹೋದರಂತೆ. ಮದುವೆ ಮನೆಯ ಹೆಂಗಸರು ಎರಡು ಸಲ ಬಂದು ಅಳತೆ ನೋಡಿ, “ಚಂದ ಆಯ್ತು ಮಾರಾಯ್ತಿ,” ಎಂದು ಹೋದರು. ಉಳಿದದ್ದು ಮದುಮಗಳ ಧಾರೆಯ ಕುಪ್ಪಸ ಒಂದೇ.

ಅದನ್ನು ಹೊಲಿಯುವ ದಿನ ನನಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. ಜರತಾರಿಯ ಅಂಚು, ಹಿಡಿತಕ್ಕೆ ಸಿಗದೆ ಜಾರುವ ರೇಷ್ಮೆ. ತೋಳಿನ ಸುತ್ತು ಸರಿಯಾಗಿ ಬಂದು ಕೂತಿತು. ದಾರ ಕತ್ತರಿಸಿದೆ. ಹಿಗ್ಗಿನಲ್ಲಿ ಕೈ ಹಳೆಯ ದಾರಿ ಹಿಡಿಯಿತು. ಕೊಕ್ಕೆಯಿಲ್ಲದ ಜಾಗದಲ್ಲಿ ಕತ್ತರಿಯನ್ನು ಬಿಟ್ಟುಬಿಟ್ಟೆ. ಅದು ಬೀಡುಕಬ್ಬಿಣದ ಕಾಲಿಗೆ ಬಡಿದು ‘ಠಣ್’ ಎಂದು ಕೆಳಗಿದ್ದ ಬಟ್ಟೆಚೂರುಗಳ ಮೇಲೆ ಬಿತ್ತು.

ನಾನು ಪೆಡಲಿನಿಂದ ಕಾಲು ತೆಗೆದೆ. ಇನ್ನೇನು ಮಂಚ ಕಿರುಗುಟ್ಟುತ್ತದೆ, ಆತ ಎದ್ದು ಕೂರುತ್ತಾರೆ, ಮತ್ತೆ ಆ ಕಣ್ಣು, ಆ ತೂಕಡಿಕೆ. ನನಗೆ ನನ್ನ ಕೈಯನ್ನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಕಾಲ ಕೆಳಗಿನ ಹಲಗೆಗೆ ಒಂದು ಏಟು ಬಿತ್ತು. ‘ಠಕ್.’

ಒಂದೇ ಒಂದು. ಆಮೇಲೆ ಸದ್ದಿಲ್ಲ. ಗ್ಯಾಲರಿಗೆ ಓಡಿ ಬಗ್ಗಿದೆ. ವೈನಿ ಆಗಲೇ ಹೊರಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಪಿಸುದನಿಯಲ್ಲಿ ಹೇಳಿದರು: “ನಿದ್ದಿಯೊಳಗ ಬಡದಾರ್ರಿ ವೈನಿ! ಆ ದಿನದ್ದು ಕೋಲು ಮಂಚದ ಬಾಜೂಕ ಇತ್ತು. ಕೈ ಚಾಚಿ ತೊಗೊಂಡ್ರು, ಒಂದ ಬಡದ್ರು, ಮಗ್ಗಲಾ ಹೊಳ್ಳಿದ್ರು. ಗೊರಕಿ ಹಂಗ ಐತಿ.”

ಕೈಗೆ ಗುಂಡಿ ಸಿಕ್ಕಿತ್ತು. ನನಗೆ ಕಣ್ಣು ತುಂಬಿ ಬಂತು. ಗದಗು ಬಿಟ್ಟು ಬಂದಾಗಿನಿಂದ ಈ ಊರಿನಲ್ಲಿ ನಾವಿದ್ದೇವೆಯೇ ಎಂದು ಯಾರೂ ಕೇಳಿರಲಿಲ್ಲ, ಕೇಳಿದರೆ ಯಾರು ಓಗೊಡುತ್ತಾರೆಂಬುದೂ ಗೊತ್ತಿರಲಿಲ್ಲ. ಒಳಗೆ ಬಂದು ಕತ್ತರಿಯನ್ನು ಅದರ ಕೌದಿಯೊಳಗಿಟ್ಟು, ಕಣ್ಣೊರೆಸಿಕೊಂಡು, ರೇಷ್ಮೆಯನ್ನು ಸೂಜಿಯ ಕೆಳಗೆ ಸರಿಪಡಿಸಿದೆ. ಕೇಳಿದ್ದಾಗಿತ್ತು, ಉತ್ತರವೂ ಬಂದಿತ್ತು. ಪೆಡಲಿನ ಮೇಲೆ ಕಾಲಿಟ್ಟು ನನ್ನ ಗಾಡಿ ಬಿಟ್ಟೆ.